21 ದಿನವಂತೆ, 21 ದಿನ!

ಮತ್ತೆ ಬಂತು. ಬೆಳಿಗ್ಗೆ ಫೇಸ್‌ಬುಕ್ ತೆರೆದರೆ ಮೊದಲ ಪೋಸ್ಟೇ ‘21 ದಿನದ ಚಾಲೆಂಜ್’. ಐದಕ್ಕೆ ಏಳೋದು, ಒಂದು ಗಂಟೆ ವ್ಯಾಯಾಮ, ಮೂವತ್ತು ಪುಟ ಓದು, ಇಪ್ಪತ್ತು ನಿಮಿಷ ಧ್ಯಾನ, ಸಕ್ಕರೆ ಬಂದ್, ಫೋನ್ ಬಂದ್. ಎಲ್ಲವೂ ಒಂದೇ ದಿನದಿಂದ! 21 ದಿನ ಬಿಡದೆ ಮಾಡಿದರೆ ಸಾಕು, ಎಲ್ಲ ರೂಢಿಯಾಗಿಬಿಡುತ್ತಂತೆ. ಕೆಳಗೆ ಜನ ಸಾಲುಗಟ್ಟಿ ‘ನಾನೂ ರೆಡಿ’ ಅಂತ ಕೈ ಎತ್ತಿದ್ದಾರೆ. ಈ ವಿಷಯ ಬಂದರೆ ನನಗೆ ಎಷ್ಟು ಬೇಗ ಪಿತ್ತ ನೆತ್ತಿಗೇರುತ್ತೆ ಅಂತ ಇಲ್ಲಿನ ಹಳಬರಿಗೆ ಗೊತ್ತು. ಬೇಡದವರು ಈಗಲೇ ಮುಂದಕ್ಕೆ ಸ್ಕ್ರೋಲ್ ಮಾಡಿ, ಬೇಜಾರಿಲ್ಲ.

ಮೊದಲು ಈ 21ರ ಜಾತಕ ನೋಡಿ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರಿಗೆ ಕನ್ನಡಿಯಲ್ಲಿನ ಹೊಸ ಮುಖ ಒಗ್ಗಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಅಂತ 1960ರ ತಮ್ಮ ಪುಸ್ತಕದಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುವಾಗ ‘ಕಡಿಮೆಯೆಂದರೂ’ ಉದುರಿಹೋಯಿತು, ‘ಸುಮಾರು’ ಉದುರಿಹೋಯಿತು, ಆಪರೇಷನ್ನೂ ಉದುರಿಹೋಯಿತು. ಉಳಿದದ್ದು ಬರೀ 21. ಮುಖಕ್ಕೆ ಒಗ್ಗಿಕೊಳ್ಳುವ ಲೆಕ್ಕ ತಂದು ವ್ಯಾಯಾಮಕ್ಕೆ ಅಂಟಿಸಿದ ಪುಣ್ಯಾತ್ಮ ಯಾರೋ!

ನಿಜವಾಗಿ ಅಳೆದವರೂ ಇದ್ದಾರೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 84 ದಿನ ಗಮನಿಸಿದರು. ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು, ಅಥವಾ ಒಂದು ಬಾಟಲಿ ನೀರು, ಅಥವಾ ರಾತ್ರಿ ಊಟಕ್ಕೆ ಮುಂಚೆ ಕಾಲು ಗಂಟೆ ಓಟ, ಈ ಥರದ್ದು. ಒಬ್ಬೊಬ್ಬರಿಗೆ ಒಂದೇ ಒಂದು ಕೆಲಸ. ಆರಲ್ಲ, ಒಂದು. ಅದು ಯೋಚಿಸದೇ ಕೈಕಾಲು ತಾನಾಗಿ ಮಾಡುವಷ್ಟು ಪಳಗಲು ಹಿಡಿದ ಕಾಲದ ಮಧ್ಯಾಂಕ 66 ದಿನ, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಇನ್ನರ್ಧ ಜನರಿಗೆ ಅದಕ್ಕಿಂತ ಹೆಚ್ಚು. ಬೇಗ ಆದವರಿಗೆ 18, ತಡವಾದವರಿಗೆ 254. (84 ದಿನದ ಅಧ್ಯಯನದಲ್ಲಿ 254 ಹೇಗೆ ಬಂತು ಅಂತ ಕೇಳೋ ಕಿಡಿಗೇಡಿಗಳಿಗೆ: ಗ್ರಾಫ್ ಹೋಗುತ್ತಿದ್ದ ದಿಕ್ಕು ನೋಡಿ ಹಾಕಿದ ಅಂದಾಜು ಅದು.) ವ್ಯಾಯಾಮ ಆರಿಸಿಕೊಂಡವರಿಗೆ ತಿನ್ನುವ ಕುಡಿಯುವ ಕೆಲಸದವರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ದಿನ ಬೇಕಾಯಿತು. ಅಂದರೆ 21ನೇ ದಿನ ಹೆಚ್ಚಿನವರು ಇನ್ನೂ ಏರು ಹತ್ತುತ್ತಾ ಇರುತ್ತಾರೆ. ಅಲ್ಲಿ ನಿಲ್ಲಿಸಿ ಸರ್ಟಿಫಿಕೇಟ್ ಕೊಟ್ಟು ಮನೆಗೆ ಕಳಿಸೋದು ಯಾವ ಸೀಮೆ ನ್ಯಾಯ?

ದಿನದ ಲೆಕ್ಕ ಹಾಗಿರಲಿ. ನನ್ನ ನಿಜವಾದ ತಕರಾರು ಇರೋದು ಕೆಲಸದ ಗಾತ್ರದ ಬಗ್ಗೆ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗೆ. ಮೊದಲ ವಾರದ ಉಮೇದು ನೋಡಿ ಅಳತೆ ಇಟ್ಟುಕೊಂಡರೆ ಕೆಟ್ಟೆವು. ಅತಿ ಕೆಟ್ಟ ದಿನವನ್ನು ನೋಡಿ ಇಟ್ಟುಕೊಳ್ಳಬೇಕು. ತಲೆನೋವು, ರಾತ್ರಿ ಹನ್ನೊಂದು ಗಂಟೆ, ಕಣ್ಣು ಎಳೆಯುತ್ತಿದೆ. ಆಗಲೂ ಆಗುವಂಥದ್ದು ಎಷ್ಟು? ಎರಡು ಪುಟ. ಎರಡು ಪುಶ್‌ಅಪ್. ಒಂದು ವಾಕ್ಯ. ಇನ್ನೊಬ್ಬರ ಮುಂದೆ ಹೇಳಲು ನಾಚಿಕೆ ಆಗುವಷ್ಟು ಚಿಕ್ಕದಿದ್ದರೆ ಗಾತ್ರ ಸರಿ ಇದೆ ಅಂತ ಅರ್ಥ.

ಇದು ಕೆಡೋದು ಹೇಗೆ ಗೊತ್ತಾ? ಕೆಟ್ಟ ದಿನದಲ್ಲಲ್ಲ, ಒಳ್ಳೆಯ ದಿನದಲ್ಲಿ. ಎಂಟು ದಿನ ಎರಡೆರಡು ಪುಟ ಸಲೀಸಾಗಿ ನಡೆಯುತ್ತದೆ. ಒಂಬತ್ತನೇ ದಿನ ಹುಮ್ಮಸ್ಸು ಬಂದು ನಲವತ್ತು ಪುಟ. ಮನಸ್ಸು ತಕ್ಷಣ ನಲವತ್ತನ್ನೇ ಹೊಸ ಲೆಕ್ಕ ಅಂತ ಬರೆದುಕೊಳ್ಳುತ್ತದೆ. ಹತ್ತನೇ ದಿನ ದಣಿವು. ‘ಎರಡು ಪುಟ ಓದಿ ಏನು ಬಂತು, ನಾಳೆ ಸರಿಯಾಗಿ ಓದೋಣ’ ಅಂತ ಪುಸ್ತಕ ಮುಚ್ಚಿ ಇಡುತ್ತೇವೆ. ಕಥೆ ಮುಗಿಯಿತು. ಅದಕ್ಕೇ ನಲವತ್ತು ಓದಿದರೂ ಲೆಕ್ಕಕ್ಕೆ ಎರಡೇ. ಉಳಿದ ಮೂವತ್ತೆಂಟು ಆ ದಿನದ ಬೋನಸ್, ನಾಳೆಯ ಸಾಲವಲ್ಲ.

ಇನ್ನು ಯಾವಾಗ ಮಾಡೋದು. ‘ದಿನಾ ಬೆಳಿಗ್ಗೆ’ ಅನ್ನೋದು ಸಮಯವೇ ಅಲ್ಲ, ಬರೀ ಆಸೆ. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ತೋರಿಸುತ್ತಾ ಬಂದದ್ದು ಇದನ್ನೇ: ‘ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ’ ಅಂತ ಮೊದಲೇ ಗಂಟು ಹಾಕಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಹೆಚ್ಚು ಮಾಡಿ ಮುಗಿಸುತ್ತಾರೆ. ಆದರೆ ಆ ‘ಇಂಥದ್ದು’ ಚೂಪಾಗಿರಬೇಕು. ‘ಕಾಫಿ ಕುಡಿದ ಮೇಲೆ’ ಅಂದರೆ ಕೆಲಸ ಕೆಟ್ಟಿತು. ಕಾಫಿ ಯಾವಾಗ ಮುಗಿಯುತ್ತದೆ? ತಳದಲ್ಲಿ ಒಂದು ಗುಟುಕು ಉಳಿದೇ ಇರುತ್ತದೆ, ಅಷ್ಟರಲ್ಲಿ ಕೈ ಫೋನಿಗೆ ಹೋಗಿರುತ್ತದೆ. ‘ಲೋಟ ಸಿಂಕಿಗೆ ಇಟ್ಟ ಕೂಡಲೇ’ ಅನ್ನಿ. ಟಣ್ ಅಂತ ಸದ್ದಾಗುತ್ತೆ, ಅದೇ ಗಂಟೆ. ‘ಹಲ್ಲುಜ್ಜಿದ ಮೇಲೆ’ ಬೇಡ, ‘ಬ್ರಷ್ ಅದರ ಜಾಗಕ್ಕೆ ಇಟ್ಟ ಕೂಡಲೇ’. ದಿನಾ ಮಾಡುವ ಕೆಲಸವನ್ನು ವಾರಕ್ಕೆ ಐದೇ ದಿನ ನಡೆಯುವ ಸಂಗತಿಗೆ ಕಟ್ಟಬೇಡಿ. ಆಫೀಸಿಂದ ಬಂದು ಶೂ ಬಿಚ್ಚಿದ ಮೇಲೆ ಅಂತ ಇಟ್ಟುಕೊಂಡರೆ ಶನಿವಾರ ಶೂ ಎಲ್ಲಿ ಬಿಚ್ಚುತ್ತೀರಿ?

ಮತ್ತೆ ಸಾಮಾನು. ಪುಸ್ತಕ ಕಪಾಟಿನಲ್ಲಲ್ಲ, ದಿಂಬಿನ ಮೇಲೆ, ಗುರುತು ಇಟ್ಟ ಪುಟ ತೆರೆದು ಬೋರಲು ಹಾಕಿ. (ಬೈಂಡಿಂಗ್ ಹಾಳಾಗುತ್ತೆ ಅನ್ನೋ ಪುಸ್ತಕಪ್ರೇಮಿಗಳೇ, ಗೊತ್ತು, ಕ್ಷಮಿಸಿ.) ಮಲಗಬೇಕಾದರೆ ಅದನ್ನು ಎತ್ತಲೇಬೇಕು. ನಡಿಗೆಯಾದರೆ ಶೂ ಬಾಗಿಲ ಬಳಿ, ಲೇಸ್ ಸಡಿಲ ಮಾಡಿ, ಒಳಗೆ ಸಾಕ್ಸ್ ತುರುಕಿ. ಒಂದು ಜೊತೆ ಸಾಕ್ಸ್ ಹುಡುಕುವ ಎರಡು ನಿಮಿಷದಲ್ಲಿ ಎಷ್ಟೋ ನಡಿಗೆಗಳು ಸತ್ತಿವೆ. ಫೋನಿನ ಚಾರ್ಜರ್ ಮಾತ್ರ ಹಾಸಿಗೆಯಿಂದ ದೂರ, ಬೇರೆ ಕೋಣೆಯಲ್ಲಿ. ಅಲಾರಂಗೆ ಬೇರೆ ಗಡಿಯಾರ ಇಟ್ಟುಕೊಳ್ಳಿ.

‘ಹಾಗಾದರೆ ದೊಡ್ಡದಾಗಿ ಶುರು ಮಾಡಿ ಗೆದ್ದವರು ಇಲ್ಲವೇ?’ ಇದ್ದಾರೆ ಮಾರಾಯ್ರೆ, ಯಾರು ಇಲ್ಲ ಅಂದರು? ಡಾಕ್ಟರ್ ಹೆದರಿಸಿದ ಮರುದಿನ ಜೀವನವೇ ಬದಲಿಸಿಕೊಂಡವರಿದ್ದಾರೆ. ಅವರಿಗೆ 21 ದಿನದ ಪೋಸ್ಟರ್ ಬೇಕಾಗಿರಲಿಲ್ಲ, ಅಷ್ಟೇ. ಇನ್ನೊಂದು ಕಡೆಯವರು ಬೇರೆ ಇದ್ದಾರೆ: ದಿನಕ್ಕೆ ಶೇಕಡ 1 ಸುಧಾರಿಸಿದರೆ ವರ್ಷಕ್ಕೆ 37 ಪಟ್ಟು! ಲೆಕ್ಕ ಸರಿ, ಮನುಷ್ಯ ತಪ್ಪು. ಇವತ್ತು 10 ಪುಶ್‌ಅಪ್ ಹೊಡೆಯುವವನು ಈ ಲೆಕ್ಕದಲ್ಲಿ ವರ್ಷದ ಕೊನೆಗೆ ಒಂದೇ ಉಸಿರಿಗೆ 370ಕ್ಕೂ ಹೆಚ್ಚು, ಎರಡು ವರ್ಷಕ್ಕೆ 14 ಸಾವಿರಕ್ಕೂ ಹೆಚ್ಚು ಹೊಡೆಯಬೇಕು. ನಾವು ಚಕ್ರಬಡ್ಡಿ ಖಾತೆಗಳಲ್ಲ.

ಕೊನೆಗೊಂದು, ತಪ್ಪಿಹೋದ ದಿನದ ಬಗ್ಗೆ. ನನಗೆ ಅತ್ಯಂತ ಸಿಟ್ಟು ಬರೋದು ಇಲ್ಲೇ. ‘ಒಂದು ದಿನ ತಪ್ಪಿದರೆ ಮತ್ತೆ ಡೇ 1’ ಅಂತ ಚಾಲೆಂಜಿನ ನಿಯಮ. ಯಾಕೆ? ಅದೇ ಲಂಡನ್ ಅಧ್ಯಯನದಲ್ಲಿ ಒಂದು ಸಲ ತಪ್ಪಿದ್ದರಿಂದ ರೂಢಿಯಾಗುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಏನೂ ಆಗಲಿಲ್ಲ. 61 ದಿನದಲ್ಲಿ 60 ದಿನ ಮಾಡಿದವನಿಗೆ ಆ್ಯಪ್ ದೊಡ್ಡದಾಗಿ ಸೊನ್ನೆ ತೋರಿಸುತ್ತದೆ, ಅವನು ‘ಹಾಳಾಗಿ ಹೋಗಲಿ’ ಅಂತ ಬಿಟ್ಟೇ ಬಿಡುತ್ತಾನೆ. ಗೋಡೆಯ ಕ್ಯಾಲೆಂಡರ್ ಸಾಕು. ಮಾಡಿದ ದಿನಕ್ಕೆ ಗೀಟು. ತಪ್ಪಿದ ದಿನಕ್ಕೆ ಸುತ್ತು, ಪಕ್ಕದಲ್ಲಿ ಕಾರಣ ಒಂದೇ ಪದದಲ್ಲಿ: ‘ತಡ’, ‘ಜ್ವರ’, ‘ಪ್ರಯಾಣ’. ಒಂದೇ ಪದ ಮೂರು ಸಲ ಬಂದರೆ ನಿಮ್ಮನ್ನು ಬೈದುಕೊಳ್ಳಬೇಡಿ, ಗಂಟು ಹಾಕಿದ ಜಾಗ ಬದಲಿಸಿ. ‘ತಡ’ ಮೂರು ಸಲವೇ? ರಾತ್ರಿಯಿಂದ ಬೆಳಿಗ್ಗೆಗೆ ತನ್ನಿ. ‘ಪ್ರಯಾಣ’ವೇ? ಬೇರೆ ಜಾಗದಲ್ಲಿ ನಿಮ್ಮ ಸಿಂಕೂ ಇಲ್ಲ, ದಿಂಬೂ ಇಲ್ಲ, ರೂಢಿ ತಪ್ಪೋದು ಸಹಜ. ಹೊರಡುವ ಮುಂಚೆಯೇ ಅಲ್ಲಿಗೆ ಬೇರೆ ಗಂಟು ಹುಡುಕಿಡಿ.

ಅಂದಹಾಗೆ ಆ ಪೋಸ್ಟಿನ ಕೆಳಗೆ ಒಬ್ಬರು ಪಾಪ, ‘22ನೇ ದಿನ ಏನು ಮಾಡಬೇಕು ಸರ್?’ ಅಂತ ಕೇಳಿದ್ದಾರೆ. ಅದಕ್ಕೆ ಬಂದ ಉತ್ತರ: ‘ಮುಂದಿನ ಬ್ಯಾಚ್ ಸೋಮವಾರದಿಂದ.’