ಪಾತಾಳ ಅಂದರೆ ನರಕ ಅಲ್ಲ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಇಲ್ಲಿ ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಅಕ್ಕನ ಏಳು ವರ್ಷದ ಮಗಳನ್ನು ಕರೆದುಕೊಂಡು ಬೆಂಗಳೂರಿನ ಒಂದು ಮಾಲ್‌ಗೆ ಹೋಗಿದ್ದೆ. ಅಲ್ಲಿ ನಾರದನ ಜೊತೆ ಹದಿನಾಲ್ಕು ಲೋಕ ಸುತ್ತಿಸುತ್ತಾರಂತೆ. ತಲೆಗೆ 600 ರೂಪಾಯಿ. ನಿಜ ಹೇಳಬೇಕೆಂದರೆ ಅವಳಿಗಿಂತ ನನಗೇ ಆಸೆ ಜಾಸ್ತಿ ಇತ್ತು. ನಾರದ ಅಂದರೆ ನನಗೆ ಎಷ್ಟು ಇಷ್ಟ ಅಂತ ಊರಿನ ಗೆಳೆಯರಿಗೆಲ್ಲ ಗೊತ್ತು. ಯಕ್ಷಗಾನದ ಆಟ ನೋಡಲು ಹೋದಾಗ ಉಳಿದವರು ರಾಕ್ಷಸರ ಬಣ್ಣದ ವೇಷಕ್ಕೆ ಕಾದರೆ, ನಾನು ನಾರದನಿಗೆ ಕಾಯುತ್ತಿದ್ದೆ. ರಂಗಸ್ಥಳದಲ್ಲಿ ಒಂದು ಸುತ್ತು ಬಂದರೆ ಅದು ದೇವಲೋಕ. ಇನ್ನೊಂದು ಸುತ್ತು ಬಂದರೆ ಯಾರೋ ರಾಕ್ಷಸನ ಅರಮನೆ. ಹಾಡುವ ಭಾಗವತರು ಪದ ಬದಲಾಯಿಸಿದರೆ ಸಾಕು, ಲೋಕವೇ ಬದಲಾಗುತ್ತಿತ್ತು.

ಇಲ್ಲಿ ಸ್ವರ್ಗ ಅಂದರೆ ಥರ್ಮೋಕೋಲ್ ಕಂಬ, ಎಲ್‌ಇಡಿ ಪರದೆಯ ಮೇಲೆ ಮೋಡ. ಸತ್ಯಲೋಕದಲ್ಲಿ ಒಂದು ಪ್ಲಾಸ್ಟಿಕ್ ತಾವರೆ. ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಲು ಬೇರೆ 100 ರೂಪಾಯಿ. ಅಲ್ಲಿ ಹೇಳಲು ಎಂಥಾ ಕಥೆ ಇತ್ತು! ರೈವತ ರಾಜ ಮಗಳು ರೇವತಿಗೆ ಗಂಡು ಕೇಳಲು ಬ್ರಹ್ಮನ ಹತ್ತಿರ ಹೋಗುತ್ತಾನೆ. ಅಲ್ಲಿ ಗಂಧರ್ವರ ಹಾಡು ನಡೆಯುತ್ತಿರುತ್ತದೆ. ಮುಗಿಯಲಿ ಅಂತ ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ಕೇಳಿದರೆ, ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದುಹೋಗಿದೆ. ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಗಂಡುಗಳೂ ಇಲ್ಲ, ಅವರ ಮೊಮ್ಮಕ್ಕಳೂ ಇಲ್ಲ. ಕೊನೆಗೆ ರೇವತಿಯನ್ನು ಬಲರಾಮನಿಗೆ ಕೊಡುತ್ತಾರೆ. ಹಳೆಯ ಯುಗದ ಹುಡುಗಿ, ತುಂಬಾ ಎತ್ತರ. ಬಲರಾಮ ನೇಗಿಲಿನ ತುದಿಯಿಂದ ಅವಳನ್ನು ತನ್ನ ಎತ್ತರಕ್ಕೆ ಇಳಿಸಿಕೊಳ್ಳುತ್ತಾನೆ. ಈ ಕಥೆ ಹೇಳಿದರೆ ಯಾವ ಮಗು ಕಣ್ಣು ಮಿಟುಕಿಸುತ್ತದೆ ಹೇಳಿ?

ಅಲ್ಲಿಯವರೆಗೆ ಹೇಗೋ ಸಹಿಸಿಕೊಂಡೆ. ಆಮೇಲೆ ಪಾತಾಳ ಬಂತು.

ಎಂಟು ಮೆಟ್ಟಿಲು ಇಳಿಯಬೇಕು. ಕತ್ತಲೆ, ಕೆಂಪು ಲೈಟು, ಹೊಗೆ. ಗೋಡೆಗೆ ಅಸ್ಥಿಪಂಜರ ನೇತುಹಾಕಿದ್ದಾರೆ. ಸ್ಪೀಕರ್‌ನಲ್ಲಿ ಯಾರೋ ಕಿರುಚುತ್ತಿದ್ದಾರೆ. ಬಾಗಿಲಲ್ಲಿ ನಾರದ ನಿಂತಿದ್ದಾನೆ. ಕೈಯಲ್ಲಿರುವ ವೀಣೆಯ ಬುರುಡೆ ಒಡೆದಿದೆ, ಅದಕ್ಕೆ ಸೆಲೋಟೇಪ್ ಸುತ್ತಿದ್ದಾರೆ. ಅವನು ಹೇಳುತ್ತಾನೆ, "ಹೆದರಿಕೆ ಆಗ್ತಿದೆಯಾ ಮಕ್ಕಳೇ? ಇದು ಪಾತಾಳ. ಪಾಪ ಮಾಡಿದವರು ಬರುವ ಜಾಗ."

ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮೆಲ್ಲಗೆ ಕೇಳಿದಳು. "ಮಾವ, ಬಲೀಂದ್ರ ಇಲ್ಲೇನಾ ಇರೋದು?"

ಬಲೀಂದ್ರ ಅಂದರೆ ವಾಮನ ಕೆಳಗಿನ ಲೋಕಕ್ಕೆ ಕಳಿಸಿದ ಬಲಿ ಚಕ್ರವರ್ತಿ. ಆ ಪ್ರಶ್ನೆ ಕೇಳಿ ನನ್ನ ಹೊಟ್ಟೆ ಉರಿದುಹೋಯಿತು.

ಪಾತಾಳ ಪಾಪಿಗಳ ಜಾಗ ಅಂತ ಯಾರು ಹೇಳಿದರು? ವಿಷ್ಣುಪುರಾಣದಲ್ಲಿ ಪಾತಾಳಗಳ ವರ್ಣನೆ ಇದೆ. ಅಲ್ಲಿ ಹಗಲು ಬೆಳಕಿದೆ, ಬಿಸಿಲಿನ ಸುಡು ಇಲ್ಲ. ರಾತ್ರಿ ಬೆಳದಿಂಗಳಿದೆ, ಚಳಿ ಇಲ್ಲ. ನೆಲ ಒಂದು ಕಡೆ ಬಿಳಿ, ಒಂದು ಕಡೆ ಕಪ್ಪು, ಒಂದು ಕಡೆ ಬಂಗಾರ. ನದಿ, ಕಾಡು, ತಾವರೆ ಕೆರೆ, ಕೋಗಿಲೆ ಎಲ್ಲಾ ಇವೆ. ಊಟ ಮಾಡಿ ಸಂತೋಷವಾಗಿರುವವರಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಇದನ್ನೆಲ್ಲ ನೋಡಿ ಬಂದು, ದೇವತೆಗಳ ಸಭೆಯಲ್ಲಿ ನಿಂತು, ಸ್ವರ್ಗಕ್ಕಿಂತ ಪಾತಾಳವೇ ಚಂದ ಅಂತ ಹೇಳಿದ್ದು ಯಾರು ಗೊತ್ತಾ? ನಾರದ! ಅದೇ ನಾರದನನ್ನು ತಂದು, ಅದೇ ಪಾತಾಳದ ಬಾಗಿಲಲ್ಲಿ ನಿಲ್ಲಿಸಿ, ಮಕ್ಕಳನ್ನು ಹೆದರಿಸಲು ಹಚ್ಚಿದ್ದಾರೆ. ನನಗೆ ಸಹಿಸಲಾಗದ್ದು ಇದೇ.

ನರಕದ ವಿಷಯ ಆ ಪುರಾಣದಲ್ಲಿ ಮುಂದಿನ ಅಧ್ಯಾಯದಲ್ಲಿ ಬರುತ್ತದೆ, ಬೇರೆಯಾಗಿ. ಭಾಗವತವಂತೂ ಕೆಳಗಿನ ಏಳೂ ಲೋಕಗಳನ್ನು ಬಿಲಸ್ವರ್ಗ ಅನ್ನುತ್ತದೆ. ಅಂದರೆ ನೆಲದ ಕೆಳಗಿನ ಸ್ವರ್ಗ. ಅಲ್ಲಿಯ ತಲಾತಲದಲ್ಲಿ ಮಯ ಇದ್ದಾನೆ. ಸುತಲದಲ್ಲಿ ಬಲಿ ಇದ್ದಾನೆ, ಅವನ ಬಾಗಿಲು ಕಾಯುವವನು ಸಾಕ್ಷಾತ್ ವಿಷ್ಣು. ದೇವರೇ ಬಾಗಿಲು ಕಾಯುವ ಮನೆಗೆ ಇವರು ಅಸ್ಥಿಪಂಜರ ನೇತುಹಾಕಿದ್ದಾರೆ.

ನನ್ನ ಅಕ್ಕನೇ ಹೇಳಿದಳು, "ಬಿಡೋ, ಮಕ್ಕಳ ಆಟ ಅದು, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ತೀಯ? ಪುರಾಣದಲ್ಲೂ ಒಂದೊಂದರಲ್ಲಿ ಒಂದೊಂದು ಥರ ಇರುತ್ತೆ." ಹೌದು, ಇರುತ್ತದೆ. ಏಳು ಲೋಕಗಳ ಹೆಸರೇ ಎರಡು ಪುರಾಣಗಳಲ್ಲಿ ಒಂದೇ ಥರ ಇಲ್ಲ. ಬಲಿ ಇರುವ ಜಾಗವನ್ನು ಜನ ಪಾತಾಳ ಅಂತಲೂ ಹೇಳುತ್ತಾರೆ, ಸುತಲ ಅಂತಲೂ ಹೇಳುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮಕ್ಕಳ ಆಟ ಅನ್ನುವ ಮಾತು ಮಾತ್ರ ಒಪ್ಪುವುದಿಲ್ಲ. ಮಕ್ಕಳದ್ದು ಅಂತಲೇ ಸರಿಯಾಗಿ ಮಾಡಬೇಕು. ದೊಡ್ಡವರು ನೋಡಿ ಮರೆತುಬಿಡುತ್ತಾರೆ. ಏಳು ವರ್ಷದವಳ ತಲೆಯಲ್ಲಿ ಆ ಕೆಂಪು ಲೈಟು ಉಳಿದುಬಿಡುತ್ತದೆ.

ದುಡ್ಡಿಲ್ಲದೆ ಹೀಗಾಯಿತು ಅಂತಲೂ ಅನ್ನಬೇಡಿ. ಬಾದಾಮಿಯ ಎರಡನೇ ಗುಹೆಗೆ ಹೋಗಿ ನೋಡಿ. ಒಂದೇ ಒಂದು ಕಲ್ಲಿನ ಫಲಕ. ಕೊಡೆ ಹಿಡಿದ ಪುಟ್ಟ ವಾಮನ, ಪಕ್ಕದಲ್ಲೇ ಕಾಲು ಎತ್ತಿ ನಿಂತ ತ್ರಿವಿಕ್ರಮ. ಲೈಟಿಲ್ಲ, ಹೊಗೆಯಿಲ್ಲ. ಆ ಎತ್ತಿದ ಕಾಲನ್ನು ನೋಡುತ್ತಾ ನಿಂತರೆ ಲೋಕ ಅಳೆಯುವುದು ಅಂದರೆ ಏನು ಅಂತ ಮೈಗೆ ಗೊತ್ತಾಗುತ್ತದೆ.

ಹೊರಗೆ ಬಂದ ಮೇಲೆ ನಾರದನ ವೇಷದ ಹುಡುಗನನ್ನು ಮಾತಾಡಿಸಿದೆ. ಗದಗದ ಕಡೆಯವನು. "ಅವ್ರು ಬರದು ಕೊಟ್ಟಿದ್ದು ಹೇಳ್ತೀನ್ರೀ ಸರ್," ಅಂದ. ದಿನಕ್ಕೆ ಹನ್ನೆರಡು ಸಲ ಅದೇ ಮಾತು. ಅವನ ಮೇಲೆ ನನಗೆ ಸಿಟ್ಟಿಲ್ಲ. ನಾರದ ಪಾತಾಳವನ್ನು ಹೊಗಳಿದ್ದನ್ನು ಹೇಳಿದೆ. ಅವನ ಮುಖ ಅರಳಿತು. "ಹೌದ್ರೀ? ಇದನ್ನ ಹೇಳಿದ್ರ ಎಷ್ಟ್ ಛಲೋ ಇತ್ತು," ಅಂದ. ಬರೆದುಕೊಟ್ಟವರು ಒಂದು ಸಲ ಪುಸ್ತಕ ತೆರೆದಿದ್ದರೆ ಸಾಕಿತ್ತು, ಅಲ್ವಾ?

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಅವಳಿಗೆ ಬಲೀಂದ್ರ ಗೊತ್ತಿರುವುದು ನನ್ನ ಅಪ್ಪ ಫೋನಿನಲ್ಲಿ ಹೇಳಿದ ಕಥೆಗಳಿಂದ. ನಾನು ಹೇಳಿದ್ದಲ್ಲ. ದೀಪಾವಳಿಗೆ ಊರಿಗೆ ಹೋಗದೆ ನನಗೆ ನಾಲ್ಕು ವರ್ಷ ಆಯಿತು. ಅಂಗಳದಲ್ಲಿ ಹಾಲೆ ಮರದ ಕಂಬ ನೆಟ್ಟು, ಹೂವು ಸುತ್ತಿ, ದೀಪ ಇಟ್ಟು, ಅವಲಕ್ಕಿ ಬಡಿಸಿ, ಅಪ್ಪ ಕತ್ತಲೆಗೆ ಮುಖ ಮಾಡಿ "ಕೂ" ಅಂತ ಬಲೀಂದ್ರನನ್ನು ಕರೆಯುವುದನ್ನು ಅವಳು ಇನ್ನೂ ನೋಡಿಲ್ಲ. ಉಪ್ಪು ಕರ್ಪೂರ ಆದಾಗ, ಉದ್ದು ಮದ್ದಳೆ ಆದಾಗ ನಿನ್ನ ರಾಜ್ಯ ನಿನಗೆ ಅಂತ ಅವನಿಗೆ ಹೇಳಿ ಕಳಿಸಿದ್ದಾರೆ. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಬಂದು ನಮ್ಮನ್ನು ನೋಡಿಕೊಂಡು ಹೋಗುತ್ತಾನೆ. ಅಪ್ಪ ಕೂಗಿದರೆ ಆಚೆ ಮನೆಯಿಂದಲೂ "ಕೂ" ಕೇಳಿಸುತ್ತದೆ, ಅದರಾಚೆ ಮನೆಯಿಂದಲೂ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಈ ಸಲ ದೀಪಾವಳಿಗೆ ಇಬ್ಬರೂ ಬರುತ್ತೇವೆ, ಕಂಬ ನಾನೇ ತರುತ್ತೇನೆ ಅಂದೆ. ಅವಳು ಫೋನ್ ಕಿತ್ತುಕೊಂಡು ಕೇಳಿದಳು. "ಅಜ್ಜ, ಬಲೀಂದ್ರನ ಮನೆ ಕತ್ತಲೆ ಇರುತ್ತಾ?" ಅಪ್ಪ ಅಂದರು, "ಇಲ್ಲ ಮಗಾ, ಅಲ್ಲಿ ಹಾವುಗಳ ತಲೆ ಮೇಲೆ ಒಂದೊಂದು ರತ್ನ ಉಂಟು. ನಮ್ಮ ಮನೆಗಿಂತ ಜಾಸ್ತಿ ಬೆಳಕು."