ಕಾಡುಪ್ರಾಣಿಗಳ ರೋಗಕ್ಕೆ ನಾವು ಮದ್ದು ಮಾಡಬೇಕಾ?

ಪರ: ರೋಗ ತಂದವರು ನಾವು, ಕೈಕಟ್ಟಿ ಕೂರುವ ಹಕ್ಕಿಲ್ಲ

1981ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಒಂದು ಸಾಕುನಾಯಿ ಸತ್ತ ಪ್ರಾಣಿಯೊಂದನ್ನು ಮನೆಗೆ ಕಚ್ಚಿಕೊಂಡು ಬಂತು. ಉದ್ದನೆ ಮೈ, ಕಣ್ಣಿನ ಸುತ್ತ ಕಪ್ಪು ಪಟ್ಟಿ, ಕಪ್ಪು ಕಾಲು. ಅಳಿದೇ ಹೋಯಿತು ಎಂದು ಎಲ್ಲರೂ ಆಸೆ ಬಿಟ್ಟಿದ್ದ, ಮುಂಗುಸಿಯಂತೆ ಕಾಣುವ ಕರಿಗಾಲಿನ ಫೆರೆಟ್ ಅದು. ಹುಡುಕಿದರೆ ಅಲ್ಲೇ ಸುತ್ತಮುತ್ತ ಇನ್ನೂ ಅನೇಕ ಬದುಕಿದ್ದವು. ಆದರೆ 1985ರಲ್ಲಿ ಪ್ಲೇಗ್ ಬಂತು, ನಾಯಿಗಳಿಗೆ ಬರುವ ಡಿಸ್ಟೆಂಪರ್ ಕೂಡ ಬಂತು. 1987ರ ಹೊತ್ತಿಗೆ ಉಳಿದಿದ್ದು 18. ಅವನ್ನೂ ಹಿಡಿದು ತಂದು ಸಾಕದಿದ್ದರೆ ಇವತ್ತು ಈ ಪ್ರಾಣಿ ಭೂಮಿಯ ಮೇಲೆ ಇರುತ್ತಿರಲಿಲ್ಲ.

'ಪ್ರಕೃತಿಯೇ ನೋಡಿಕೊಳ್ಳುತ್ತದೆ ಬಿಡಿ' ಎನ್ನುತ್ತಾರೆ. ಯಾವ ಪ್ರಕೃತಿ? ಪ್ಲೇಗ್ ಉತ್ತರ ಅಮೆರಿಕಕ್ಕೆ ಕಾಲಿಟ್ಟಿದ್ದು 1900ರ ಆಸುಪಾಸಿನಲ್ಲಿ, ಹಡಗಿನ ಇಲಿಗಳ ಜೊತೆ. ಹವಾಯಿ ದ್ವೀಪಗಳಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ. ಅದೂ ಹಡಗಿನಲ್ಲೇ ಬಂತು. ಆಮೇಲೆ ಹಕ್ಕಿಗಳ ಮಲೇರಿಯಾ ಹರಡಿ ಅಲ್ಲಿನ ಪುಟ್ಟ ಕಾಡುಹಕ್ಕಿಗಳು ಒಂದೊಂದಾಗಿ ಕಣ್ಮರೆಯಾದವು. ಇವುಗಳನ್ನು ಪ್ರಕೃತಿಯ ತಲೆಗೆ ಕಟ್ಟುವುದು ಯಾವ ನ್ಯಾಯ?

ತಲೆಮಾರು ಕಳೆದಂತೆ ಜೀವಿಗಳು ತಾವೇ ಬದಲಾಗಿ ಹೊಂದಿಕೊಳ್ಳುವ ವಿಕಾಸದ ಮೇಲೆ ನನಗೂ ನಂಬಿಕೆ ಇದೆ. ಆದರೆ ಅದು ಬರಿಗೈಯಲ್ಲಿ ಕೆಲಸ ಮಾಡುವುದಿಲ್ಲ. ರೋಗ ತಡೆಯುವ ಜೀನ್ ಗುಂಪಿನಲ್ಲಿ ಯಾವುದಾದರೂ ಒಂದು ಪ್ರಾಣಿಗೆ ಮೊದಲೇ ಇರಬೇಕು, ಅಥವಾ ಹೊಸದಾಗಿ ಹುಟ್ಟುವಷ್ಟು ಸಮಯ ಸಿಗಬೇಕು. ಸಾಕಿದ ಆ ಫೆರೆಟ್‌ಗಳಲ್ಲಿ ಸಂತಾನ ಮುಂದುವರಿದಿದ್ದು ಏಳರದ್ದು ಮಾತ್ರ. ಏಳು ಪ್ರಾಣಿಗಳ ಜೀನ್‌ಗಳಲ್ಲಿ ಆಯ್ಕೆ ಮಾಡಲು ಏನಿದೆ? ಅದಕ್ಕೇ 1988ರಲ್ಲಿ ತೆಗೆದು ಶೈತ್ಯದಲ್ಲಿಟ್ಟಿದ್ದ ಒಂದು ಹೆಣ್ಣು ಫೆರೆಟ್‌ನ ಕೋಶಗಳಿಂದ 2020ರಲ್ಲಿ ತದ್ರೂಪಿ ಮರಿಯನ್ನು ಹುಟ್ಟಿಸಿದರು. ಎಲಿಜಬೆತ್ ಆ್ಯನ್ ಎಂದು ಹೆಸರಿಟ್ಟರು. ಆ ಏಳರಲ್ಲಿ ಇಲ್ಲದ ಜೀನ್‌ಗಳು ಅದರಲ್ಲಿವೆ. ಇದನ್ನು ವಿಕಾಸಕ್ಕೆ ಅಡ್ಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ವಿಕಾಸಕ್ಕೆ ಬೇಕಾದ ಬಂಡವಾಳವನ್ನೇ ವಾಪಸ್ ಕೊಟ್ಟಿದ್ದಾರೆ.

ಇಥಿಯೋಪಿಯಾದ ತೋಳಗಳನ್ನೇ ನೋಡಿ. ಇಡೀ ಜಗತ್ತಿನಲ್ಲಿ ಐನೂರು ಇದ್ದರೆ ಹೆಚ್ಚು. ಅವಕ್ಕೆ ರೇಬೀಸ್ ತಗಲುವುದು ಊರಿನ ನಾಯಿಗಳಿಂದ. 2018ರಿಂದ ಆಡಿನ ಮಾಂಸದೊಳಗೆ ಲಸಿಕೆ ಇಟ್ಟು ಅವು ಓಡಾಡುವ ಜಾಗಗಳಲ್ಲಿ ಹಾಕುತ್ತಿದ್ದಾರೆ. ಬಲೆ ಇಲ್ಲ, ಸೂಜಿ ಇಲ್ಲ. ಇದರಲ್ಲಿ ಯಾರಿಗೆ ಏನು ನಷ್ಟ?

ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ ಅಳಿವಿನಂಚಿನ ಒಂದು ಪುಟ್ಟ ಕಪ್ಪೆಗೆ ಕಿಟ್ರಿಡ್ ಎಂಬ ಶಿಲೀಂಧ್ರ ತಗಲಿತ್ತು. ಸಂಶೋಧಕರು ಗೊದಮೊಟ್ಟೆಗಳಿಗೆ ಔಷಧಿ ಹಾಕಿದರು, ಬಂಡೆಗಳ ನಡುವಿನ ಕೊಳಗಳನ್ನು ರಾಸಾಯನಿಕದಿಂದ ತೊಳೆದರು. ಕಾಡಿನ ಕೊಳದಿಂದ ಈ ಶಿಲೀಂಧ್ರವನ್ನು ಓಡಿಸಬಹುದು ಎಂದು 2015ರಲ್ಲಿ ಮೊದಲ ಸಲ ತೋರಿಸಿಕೊಟ್ಟರು. ಜಗತ್ತಿನಲ್ಲಿ ಇದರಿಂದಾಗಿ 501 ಬಗೆಯ ಉಭಯವಾಸಿಗಳು ಇಳಿಮುಖವಾಗಿವೆ, ಅದರಲ್ಲಿ 90 ಅಳಿದೇ ಹೋಗಿರಬಹುದು ಎಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿದೆ. ದಾರಿ ಗೊತ್ತಿದ್ದೂ ಸುಮ್ನೆ ಇರುವುದು ನನ್ನಿಂದಾಗದು.

ವಿರೋಧ: ನಮ್ಮ ಕೈ ಅಷ್ಟು ಶುದ್ಧವಲ್ಲ, ಅಷ್ಟು ಜಾಣವೂ ಅಲ್ಲ

ಮಯೋರ್ಕಾದ ಕತೆಗೆ ಒಂದು ಮೊದಲ ಅಧ್ಯಾಯವಿದೆ. ಆ ಶಿಲೀಂಧ್ರ ದ್ವೀಪಕ್ಕೆ ಬಂದಿದ್ದು ಹೇಗೆ ಗೊತ್ತಾ? ಕಪ್ಪೆಯನ್ನು ಉಳಿಸಲೆಂದೇ ಸಾಕಿ, ಮರಿ ಮಾಡಿಸಿ, ಕೊಳಗಳಿಗೆ ಬಿಟ್ಟ ಕಪ್ಪೆಗಳ ಚರ್ಮದ ಮೇಲೆ ಕೂತು. ಸಾಕುವ ಜಾಗದಲ್ಲಿ ದಕ್ಷಿಣ ಆಫ್ರಿಕಾದ ಬೇರೆ ಕಪ್ಪೆಯೂ ಇತ್ತು. ಬಹುಶಃ ಅದರಿಂದಲೇ ಹತ್ತಿತ್ತು ಎಂದು 2008ರಲ್ಲಿ ಜೀನ್ ಪರೀಕ್ಷೆ ಹೇಳಿತು. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಪ್ರೀತಿಯಿಂದ ಬಿಟ್ಟ ಕಪ್ಪೆಯೇ ರೋಗ ಹೊತ್ತಿತ್ತು ಎನ್ನುವುದನ್ನು ಹೇಗೆ ಮರೆಯುವುದು?

ಈಗ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಮಾಂಸಾಹಾರಿ ಪ್ರಾಣಿ ಟ್ಯಾಸ್ಮೇನಿಯನ್ ಡೆವಿಲ್ ನೋಡೋಣ. 1996ರಲ್ಲಿ ಅದರ ಮುಖದ ಮೇಲೆ ಗೆಡ್ಡೆಗಳು ಕಂಡವು. ಇದು ಅಂಟುವ ಕ್ಯಾನ್ಸರ್. ವೈರಸ್ಸಲ್ಲ, ಬ್ಯಾಕ್ಟೀರಿಯಾ ಅಲ್ಲ, ಕ್ಯಾನ್ಸರ್ ಕೋಶವೇ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಬೆದೆಯ ಕಾಲದಲ್ಲಿ, ಹೆಣ ತಿನ್ನುವಾಗ ಇವು ಮುಖ ಮುಖ ಕಚ್ಚಿಕೊಳ್ಳುತ್ತವೆ. ಕಚ್ಚಿದ ಗಾಯದಲ್ಲಿ ಕೋಶ ನೆಲೆ ನಿಲ್ಲುತ್ತದೆ. 'ನಾನು ಹೊರಗಿನವನು' ಎಂದು ತೋರಿಸುವ ಗುರುತಿನ ಪ್ರೋಟೀನ್‌ಗಳನ್ನು ಆ ಕೋಶ ಮರೆಮಾಡಿರುತ್ತದೆ, ಹಾಗಾಗಿ ದೇಹದ ಕಾವಲುಪಡೆಗೆ ಸುಳಿವೇ ಸಿಗುವುದಿಲ್ಲ. ಗೆಡ್ಡೆ ಬೆಳೆದು ಬಾಯಿ ತೆರೆಯಲಾಗದೆ ಹಸಿವಿನಿಂದಲೇ ಎಷ್ಟೋ ಸತ್ತವು. ಸಂಖ್ಯೆ ಸುಮಾರು 80 ಶೇಕಡ ಕುಸಿಯಿತು. ಪೂರ್ತಿ ಅಳಿಯುತ್ತದೆ ಎಂದು ಭವಿಷ್ಯ ನುಡಿದವರು ಕಡಿಮೆಯಿರಲಿಲ್ಲ.

ಅಳಿಯಲಿಲ್ಲ. ರೋಗ ಬಂದ ಜಾಗಗಳಲ್ಲಿ ಹೆಣ್ಣುಗಳು ಒಂದೇ ವರ್ಷದ ವಯಸ್ಸಿಗೆ ಮರಿ ಹಾಕತೊಡಗಿದವು, ಅಂದರೆ ಸಾಯುವ ಮುಂಚೆ. 2016ರಲ್ಲಿ ಇನ್ನೊಂದು ವಿಷಯ ಹೊರಬಂತು. ನಾಲ್ಕರಿಂದ ಆರು ತಲೆಮಾರಿನೊಳಗೆ ಅವುಗಳ ಜೀನೋಮ್‌ನ, ಅಂದರೆ ಎಲ್ಲ ಜೀನ್‌ಗಳಿರುವ ಇಡೀ ಡಿಎನ್‌ಎಯ, ಕೆಲವು ಭಾಗಗಳು ಬದಲಾಗಿದ್ದವು. ಅಲ್ಲಿ ರೋಗನಿರೋಧಕ್ಕೆ, ಕ್ಯಾನ್ಸರ್‌ಗೆ ಸಂಬಂಧಿಸಿದ ಜೀನ್‌ಗಳಿವೆ. ಕೆಲವು ಪ್ರಾಣಿಗಳಲ್ಲಿ ಗೆಡ್ಡೆ ತಾನಾಗಿಯೇ ಕರಗಿದೆ. ಇಂಥ ಕಡೆ ರೋಗವನ್ನೇ ಕಾಣದ, ಸಾಕಿದ ಡೆವಿಲ್‌ಗಳನ್ನು ತಂದು ಬಿಟ್ಟರೆ ಏನಾಗುತ್ತದೆ? ಕಷ್ಟಪಟ್ಟು ಗಳಿಸಿದ ಆ ಜೀನ್‌ಗಳು ತೆಳುವಾಗುತ್ತವೆ, ಅಷ್ಟೇ.

ಡೆವಿಲ್ ಉಳಿಸಲು 2012ರಲ್ಲಿ ಕೆಲವನ್ನು ಟ್ಯಾಸ್ಮೇನಿಯಾ ಪಕ್ಕದ ಮರಿಯಾ ದ್ವೀಪಕ್ಕೆ ಬಿಟ್ಟರು. ಅಲ್ಲಿ ಪುಟ್ಟ ಪೆಂಗ್ವಿನ್‌ಗಳು ಗೂಡು ಮಾಡುತ್ತಿದ್ದವು, ಸುಮಾರು 3000 ಜೋಡಿ. ಡೆವಿಲ್‌ಗಳ ಬಾಯಿಗೆ ಸಿಕ್ಕಿ 2021ರ ಹೊತ್ತಿಗೆ ಒಂದೂ ಇರಲಿಲ್ಲ. 'ಯಾರಿಗೆ ಏನು ನಷ್ಟ' ಎಂದು ಕೇಳಿದಿರಲ್ವಾ?

ಮುಂದಿನ ಹೆಜ್ಜೆ ಎಂದರೆ ಜೀನನ್ನೇ ತಿದ್ದುವುದು. ನನಗೆ ಹೆದರಿಕೆ ಇರುವುದು ಇಲ್ಲೇ ಜಾಸ್ತಿ. ಹಣ್ಣಿನ ನೊಣದಲ್ಲಿ ಟಾಲ್ ಎಂಬ ಜೀನ್ ಇದೆ. ಮೊಟ್ಟೆಯೊಳಗಿನ ಭ್ರೂಣದಲ್ಲಿ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಎಂದು ನಿರ್ಧರಿಸುವ ಜೀನ್ ಅದು ಎಂದು 1980ರ ದಶಕದಲ್ಲಿ ತಿಳಿಯಿತು. 1996ರಲ್ಲಿ ನೋಡಿದರೆ, ಅದೇ ಜೀನ್ ಬೆಳೆದ ನೊಣವನ್ನು ಶಿಲೀಂಧ್ರದಿಂದ ಕಾಯುತ್ತದೆ! ಒಂದೇ ಜೀನ್, ಎರಡು ಕೆಲಸ. ಎರಡೂ ಕೆಲಸಗಳಿಗೆ ನೊಬೆಲ್ ಬಂತು, 1995ರಲ್ಲೊಂದು, 2011ರಲ್ಲಿನ್ನೊಂದು. ಲ್ಯಾಬ್‌ನಲ್ಲಿ ಇಷ್ಟು ಕಾಲ ನೋಡಿದ ನೊಣವೇ ಹೀಗೆ ಅಚ್ಚರಿ ಕೊಟ್ಟಿತು. ಇನ್ನು ಕಾಡಿನ ಒಂದು ಕಪ್ಪೆಯಲ್ಲಿ ಯಾವ ಜೀನ್ ಯಾವ ಯಾವ ಕೆಲಸ ಮಾಡುತ್ತಿದೆ ಎಂದು ನಾವು ಎಷ್ಟು ಬಲ್ಲೆವು?

ರೇಬೀಸ್ ಲಸಿಕೆಗೆ ನನ್ನ ತಕರಾರಿಲ್ಲ. ಆದರೆ ಅದನ್ನೂ ಮೊದಲು ಹಾಕಬೇಕಾದ್ದು ಊರಿನ ನಾಯಿಗೆ. ನನ್ನ ವಾದ ಇಷ್ಟು: ಕೈ ಹಾಕಬೇಕಾದ್ದು ಪ್ರಾಣಿಯ ಮೈಗಲ್ಲ, ನಮ್ಮ ಸಾಗಾಟಕ್ಕೆ. ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಸಾಲಮಾಂಡರ್‌ಗಳನ್ನು ಕೊಲ್ಲುವ ಇನ್ನೊಂದು ಶಿಲೀಂಧ್ರ 2013ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಪತ್ತೆಯಾಯಿತು. ಅದು ಏಷ್ಯಾದಿಂದ ಸಾಕುಪ್ರಾಣಿ ವ್ಯಾಪಾರದ ದಾರಿಯಲ್ಲಿ ಬಂದಿದೆ ಎನ್ನಲಾಗುತ್ತದೆ. ಅಮೆರಿಕ ರೋಗ ಬರುವವರೆಗೆ ಕಾಯಲಿಲ್ಲ. 2016ರಲ್ಲೇ 201 ಬಗೆಯ ಸಾಲಮಾಂಡರ್‌ಗಳ ಆಮದಿಗೆ ತಡೆ ಹಾಕಿತು. ಕಪ್ಪೆಗಳ ವ್ಯಾಪಾರಕ್ಕೂ, ಬೇರೆ ದೇಶಗಳಲ್ಲೂ ಇಂಥ ಆದೇಶ ಬೇಕು. ಕೊಳ ತೊಳೆಯಲು, ತದ್ರೂಪಿ ಹುಟ್ಟಿಸಲು ಎತ್ತಿಟ್ಟ ಹಣ ಮೊದಲು ಗಡಿಯಲ್ಲಿ ತಪಾಸಣೆಗೆ ಹೋಗಲಿ.