ಮಂಟಪ ಎಷ್ಟು ಅಡಿ ಇರಲಿ?

ಛತ್ರ ಸಿಕ್ಕಿತು, ಅಡುಗೆಯವರು ಒಪ್ಪಿದರು, ಸೀರೆ ತಂದಾಯಿತು ಅನ್ನುವ ಹೊತ್ತಿಗೆ ಡೆಕೋರೇಷನ್‌ನವರು ಮನೆಗೆ ಬರುತ್ತಾರೆ. ಮೊಬೈಲಿನಲ್ಲಿ ಒಂದರ ಹಿಂದೆ ಒಂದು ಮಂಟಪ ತೋರಿಸುತ್ತಾರೆ. ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಕೊನೆಗೆ ಒಂದು ಪ್ರಶ್ನೆ: "ಎಂಟು ಬೈ ಎಂಟು ಸಾಕಾ ಮೇಡಂ, ಹತ್ತು ಬೈ ಹತ್ತಾ, ಇಲ್ಲಾ ಹನ್ನೆರಡಾ?" ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಸೈಟಿನ ಅಳತೆಯನ್ನು ನಿದ್ದೆಯಲ್ಲೂ ಒಪ್ಪಿಸುವ ಯಜಮಾನರಿಗೂ ಮಗಳು ಕೂರುವ ಜಾಗದ ಅಳತೆ ಹೊಳೆಯುವುದಿಲ್ಲ. "ದೊಡ್ಡದೇ ಇರಲಿ ಬಿಡಿ" ಎಂದು ಯಾರೋ ತೀರ್ಪು ಕೊಡುತ್ತಾರೆ. ಹಾಗೆ ಹೇಳುವವರು ಸಾಮಾನ್ಯವಾಗಿ ದುಡ್ಡು ಕೊಡುವವರಲ್ಲ.

ಹಿಂದಿನವರಿಗೆ ಈ ಗೊಂದಲ ಇರಲಿಲ್ಲ. ಹಳೆಯ ಮುಹೂರ್ತ ಗ್ರಂಥಗಳಲ್ಲಿ ಮದುವೆಯ ವೇದಿಗೆ ಅಳತೆ ಇದೆ: ಒಂದು ಹಸ್ತ ಎತ್ತರ, ನಾಲ್ಕೂ ಕಡೆ 4 ಹಸ್ತ. ಹಸ್ತ ಅಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ, ಹಳೆಯ ಲೆಕ್ಕದ 24 ಅಂಗುಲ (ಈಗಿನ ಇಂಚಲ್ಲ). ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಅಡಿ. ಅಂದರೆ ಇಡೀ ವೇದಿ ಹೆಚ್ಚುಕಡಿಮೆ 6 ಅಡಿ ಚೌಕ. ಕೈ ಯಾರದ್ದಿರಬೇಕು ಎಂದು ಕೇಳಿದರೆ, ಮದುಮಗಳದ್ದು ಎನ್ನುವ ಪುರೋಹಿತರಿದ್ದಾರೆ. ನನಗೆ ಅದು ಬಹಳ ಇಷ್ಟ. ಕೂರುವವಳು ಅವಳು, ಅಳತೆಯೂ ಅವಳದ್ದೇ.

ಆದರೆ ಆ 6 ಅಡಿಯ ವೇದಿ ಒಂದು ದೊಡ್ಡ ಚಪ್ಪರದ ಒಳಗಿರುತ್ತಿತ್ತು. ಮನೆ ಮುಂದಿನ ಅಂಗಳದಲ್ಲಿ ಕಂಬ ನೆಟ್ಟು, ಮೇಲೆ ತೆಂಗಿನ ಗರಿ ಹೊದಿಸಿ, ಮಾವಿನ ಸೊಪ್ಪಿನ ತೋರಣ ಕಟ್ಟಿ, ಬಾಳೆಕಂಬ ನಿಲ್ಲಿಸುತ್ತಿದ್ದರು. ಮಲೆನಾಡಾದರೆ ಅಡಿಕೆ ಮರದ ಕಂಬ. ಅಡಿ ಲೆಕ್ಕ ಯಾರಿಗೆ ಬೇಕಿತ್ತು? ಇಷ್ಟು ಅಂಕಣದ (ಅಂಕಣ ಅಂದರೆ ಕಂಬ ಕಂಬಗಳ ನಡುವಿನ ಜಾಗ) ಚಪ್ಪರ ಎಂದರೆ ಮುಗಿಯಿತು. ಜನ ಜಾಸ್ತಿಯಾದರೆ ಇನ್ನೊಂದು ಅಂಕಣ ಸೇರಿಸುವುದು. ಇನ್ನು ಉತ್ತರ ಕರ್ನಾಟಕದ ಮದುವೆಯ ಸುರಗಿ ಶಾಸ್ತ್ರವನ್ನು ನೋಡಿ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ಸುತ್ತಲೂ ನೂಲು, ನಡುವೆ ಮದುಮಕ್ಕಳು. ಇದಕ್ಕಿಂತ ಚಿಕ್ಕ, ಇದಕ್ಕಿಂತ ಅಗ್ಗದ ಮಂಟಪ ನಾನಂತೂ ನೋಡಿಲ್ಲ. ಯಾರು ಕೂರುತ್ತಾರೋ ಅವರಿಗೆ ತಕ್ಕ ಹಾಗೆ ತಂಬಿಗೆ ಸರಿಸಿದರಾಯಿತು.

ಈಗಿನ ತೊಂದರೆ ಏನೆಂದರೆ ಚಪ್ಪರ, ವೇದಿ ಎರಡೂ ಸೇರಿ ಒಂದೇ ಆಗಿವೆ. ನಾಲ್ಕು ಫೈಬರ್ ಕಂಬದ ನಡುವೆಯೇ ಎಲ್ಲ ನಡೆಯಬೇಕು. ಧಾರೆ ಎರೆಯುವ ಹೊತ್ತಿನಲ್ಲಿ ಅಲ್ಲಿ ಯಾರ್‍ಯಾರು ಇರುತ್ತಾರೆ, ಎಣಿಸಿ. ಮದುಮಕ್ಕಳು ಇಬ್ಬರು, ಎರಡೂ ಕಡೆಯ ತಂದೆ ತಾಯಿ ನಾಲ್ವರು, ಪುರೋಹಿತರು ಒಬ್ಬರು, ತಪ್ಪಿದರೆ ಇಬ್ಬರು. ಕಳಶ ಹಿಡಿದ ಕಳಸಗಿತ್ತಿ. ಇವರ ಕಾಲಬುಡದಲ್ಲಿ ತೆಂಗಿನಕಾಯಿ, ಅಡಿಕೆ, ವೀಳ್ಯದೆಲೆಯ ತಟ್ಟೆಗಳು. ಒಬ್ಬರು ನಿಲ್ಲಲು 2 ಅಡಿ ಬೇಕೇ ಬೇಕು. ರೇಷ್ಮೆ ಸೀರೆಯವರಿಗೆ ಇನ್ನೂ ಸ್ವಲ್ಪ ಜಾಸ್ತಿ.

ಆಮೇಲೆ ಹೋಮ. ಕುಂಡಕ್ಕೆ 2 ಅಡಿ ಇಟ್ಟುಕೊಳ್ಳಿ. ಸೆರಗಿಗೆ ಶಲ್ಯ ಗಂಟು ಹಾಕಿಕೊಂಡ ಇಬ್ಬರು ಬೆಂಕಿಯ ಸುತ್ತ ಪ್ರದಕ್ಷಿಣೆ ಬರಬೇಕಾದರೆ ಎರಡೂ ಪಕ್ಕ ಮೂರು ಮೂರು ಅಡಿ ಬಿಡಬೇಕು. ಅಲ್ಲಿಗೇ 8 ಅಡಿ ಆಯಿತು. ಸಪ್ತಪದಿಗೂ ಹೆಜ್ಜೆಗೆ ಒಂದು ಅಡಿಯಾದರೂ ಬೇಕಲ್ವಾ? ಹಾಗಾಗಿ ಒಳಗಡೆ 8 ಅಡಿ ಕನಿಷ್ಠ, 10 ಇದ್ದರೆ ನೆಮ್ಮದಿ.

"ಒಳಗಡೆ" ಎಂದು ಬೇಕೆಂದೇ ಹೇಳಿದೆ. ಡೆಕೋರೇಷನ್‌ನವರು ಹತ್ತು ಬೈ ಹತ್ತು ಎಂದರೆ ಅದು ಹೊರಗಿನಿಂದ ಹೊರಗೆ ಇರಬಹುದು. ಕಂಬವೇ ಒಂದು ಅಡಿ ದಪ್ಪ. ಅದಕ್ಕೆ ಸೇವಂತಿಗೆ ಸುತ್ತಿದ ಮೇಲೆ ಇನ್ನೂ ದಪ್ಪ. ಎರಡು ಕಂಬ ಕಳೆದರೆ ಉಳಿಯುವುದು 8 ಅಡಿಗಿಂತ ಕಡಿಮೆ. ಕಂಬದಿಂದ ಕಂಬಕ್ಕೆ ಒಳಗಿನ ಅಳತೆ ಎಷ್ಟು ಎಂದು ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ದಪ್ಪ ಕಂಬ ಫೋಟೋಗೆ ಗಂಭೀರ, ನಿಜ. ಆದರೆ ಬಲಗಡೆ ಕುರ್ಚಿಯಲ್ಲಿ ಕೂತವರಿಗೆ ಇಡೀ ಮುಹೂರ್ತ ಬರೀ ಕಂಬವೇ ಕಾಣುತ್ತದೆ.

ಎತ್ತರದ ವಿಷಯ ಯಾರೂ ಕೇಳುವುದಿಲ್ಲ. ಅದು ಗೊತ್ತಾಗುವುದು ಹಾರ ಬದಲಾಯಿಸುವಾಗ. ಸೋದರಮಾವನಿಗೆ ಹುರುಪು ಬರುತ್ತದೆ, ಮದುಮಗನನ್ನು ಎತ್ತುತ್ತಾನೆ. 5 ಅಡಿ 8 ಇಂಚಿನ ಹುಡುಗ 2 ಅಡಿ ಮೇಲೆ ಹೋದ, ತಲೆ ಮೇಲೆ ಮೈಸೂರು ಪೇಟ. 8 ಅಡಿ ದಾಟಿತು. ಚಾವಣಿಯಿಂದ ಒಂದು ಅಡಿ ಇಳಿಬಿದ್ದ ಮಲ್ಲಿಗೆ ದಂಡೆಗಳಿಗೆ ಪೇಟ ಸಿಕ್ಕಿಕೊಳ್ಳುತ್ತದೆ. ಜನ ನಗುತ್ತಾರೆ, ವಿಡಿಯೋದವನು ಇನ್ನೊಮ್ಮೆ ಎತ್ತಿ ಎನ್ನುತ್ತಾನೆ. ತೀರಾ ತಗ್ಗಾದರೆ ಹೊಗೆಯ ಕಾಟ ಬೇರೆ. ತುಪ್ಪ, ಸಮಿತ್ತಿನ ಹೊಗೆ ಮೇಲೆ ಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತುತ್ತದೆ. ಮದುಮಗಳ ಕಣ್ಣೀರಿನಲ್ಲಿ ತವರಿನ ಪಾಲೆಷ್ಟು, ಹೊಗೆಯ ಪಾಲೆಷ್ಟು ಎಂದು ಹೇಳುವುದು ಕಷ್ಟ. ಮೇಲೆ ಬಟ್ಟೆ, ಪ್ಲಾಸ್ಟಿಕ್ ಹೂವು ಇದ್ದರಂತೂ ಬೆಂಕಿಯ ಭಯವೂ ಇದೆ. 10 ಅಡಿ ಎತ್ತರ ಕೇಳಿ, ನಡುವೆ ಚಾವಣಿ ತೆರೆದಿಡಲು ಹೇಳಿ.

ಹಾಗಾದರೆ ಹನ್ನೆರಡೇ ಇರಲಿ ಬಿಡಿ ಅನ್ನಬಹುದು. ಇಲ್ಲಿ ಗಣಿತ ಸ್ವಲ್ಪ ಮೋಸ ಮಾಡುತ್ತದೆ. ಹತ್ತರಿಂದ ಹನ್ನೆರಡು ಅಂದರೆ ಎರಡೇ ಅಡಿ. ಆದರೆ ಚಾವಣಿ 100 ಚದರ ಅಡಿಯಿಂದ 144ಕ್ಕೆ ಹೋಗುತ್ತದೆ. ಅಷ್ಟಕ್ಕೂ ಹೂವು ಬೇಕು. ಮುಹೂರ್ತದ ಸೀಸನ್ನಿನಲ್ಲಿ ಹೂವಿನ ರೇಟು ಕೇಳಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಸ್ಟೇಜಿನ ಕಥೆಯೂ ಇದೆ. ದೊಡ್ಡ ಮಂಟಪ ಸ್ಟೇಜನ್ನೆಲ್ಲ ನುಂಗಿದರೆ ಕ್ಯಾಮೆರಾದವರಿಗೆ ಉಳಿಯುವುದು ಸ್ಟೇಜಿನ ಮುಂದಿನ ಅಂಚು ಮಾತ್ರ. ಅವರು ಅಲ್ಲಿ ಗೋಡೆಯ ಹಾಗೆ ನಿಲ್ಲುತ್ತಾರೆ. ಗಟ್ಟಿಮೇಳ ಎಂದಾಗ ನಾವು ಎಸೆದ ಅಕ್ಷತೆ ಅವರ ಬೆನ್ನಿಗೆ ಬೀಳುತ್ತದೆ. ಎಷ್ಟು ಮದುವೆಗಳಲ್ಲಿ ನಾವು ಆಶೀರ್ವಾದ ಮಾಡಿರುವುದು ಫೋಟೋಗ್ರಾಫರಿಗೇ!

ಬಯಲಿನಲ್ಲಿ, ರೆಸಾರ್ಟಿನ ಹುಲ್ಲಿನ ಮೇಲೆ ಮದುವೆ ಮಾಡುವವರಿಗೆ ಗಾಳಿಯ ಲೆಕ್ಕವೂ ಸೇರುತ್ತದೆ. ಆಷಾಢದ ಗಾಳಿಯ ಚಿಂತೆ ಬೇಡ, ಆಗ ಮದುವೆಯೇ ಇರುವುದಿಲ್ಲ. ಆದರೆ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಬಿಸಿಲು ಕಾದು ಕಾದು ಒಮ್ಮೆಲೇ ಮಳೆಗಾಳಿ ಏಳುತ್ತದೆ. ಮಂಟಪ ಎತ್ತರವಾದಷ್ಟೂ ಗಾಳಿಗೆ ಸಲೀಸು. ಈಗ ಫ್ಯಾಷನ್ ಆಗಿರುವ ದುಂಡನೆಯ ಕಮಾನುಗಳಂತೂ ಬುಡಕ್ಕೆ ಮರಳಿನ ಮೂಟೆ ಇಡದಿದ್ದರೆ ನಿಲ್ಲುವುದು ಅನುಮಾನ.

ಇಷ್ಟೆಲ್ಲ ಲೆಕ್ಕ ಬೇಡ ಅನ್ನುವವರಿಗೆ ಸುಲಭದ ದಾರಿ ಇದೆ. ಛತ್ರ ನೋಡಲು ಹೋಗುವಾಗ ಟೇಪು, ಸೀಮೆಸುಣ್ಣ ಇಟ್ಟುಕೊಂಡು ಹೋಗಿ. ಸ್ಟೇಜಿನ ಮೇಲೆ ಗೆರೆ ಎಳೆಯಿರಿ, ಜೊತೆಗೆ ಬಂದವರನ್ನು ಅದರೊಳಗೆ ಕೂರಿಸಿ, ನಿಲ್ಲಿಸಿ, ಒಂದು ಸುತ್ತು ಓಡಾಡಿಸಿ. ಸೋದರತ್ತೆ "ಹಾಗಾದ್ರೆ ನಾನೆಲ್ಲಿ ನಿಂತ್ಕೊಳ್ಳಲಿ?" ಎಂದರೆ ಅಳತೆ ಸಾಲದು ಎಂದು ಅರ್ಥ. ಅವರು ಸುಮ್ಮನಿದ್ದರೂ ಒಂದು ಅಡಿ ಜಾಸ್ತಿಯೇ ಇಟ್ಟುಕೊಳ್ಳಿ. ಮದುವೆ ದಿನ ಕೇಳಿಯೇ ಕೇಳುತ್ತಾರೆ.